ಹೆಸರು ಮತ್ತೆ ಮತ್ತೆ ಬಂದಾಗ: ಬಿಡುವುದೇ, ಸರ್ವನಾಮವೇ, ಪರ್ಯಾಯ ಪದವೇ?

ಶಾಲೆಯ ಪ್ರಬಂಧಗಳಲ್ಲಿ ಕೆಂಪು ಶಾಯಿಯ ಗೆರೆ ಎಳೆಸಿಕೊಳ್ಳುವ ದೋಷಗಳಲ್ಲಿ ಪುನರುಕ್ತಿಯ ಪಾಲು ದೊಡ್ಡದು. ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದು ಎಂಬ ಪಾಠ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಮೊದಲ ವಾಕ್ಯದಲ್ಲಿ ‘ನದಿ’ ಎಂದು ಬರೆದವರು ಎರಡನೆಯದರಲ್ಲಿ ‘ತರಂಗಿಣಿ’ಯನ್ನು, ಮೂರನೆಯದರಲ್ಲಿ ‘ಜೀವಜಲವಾಹಿನಿ’ಯನ್ನು ತಂದು ಕೂರಿಸುತ್ತಾರೆ. ಹರಿಯುತ್ತಿರುವುದು ಒಂದು ನದಿಯೋ ಮೂರೋ ಎಂದು ಓದುಗ ತಡವರಿಸುತ್ತಾನೆ.

ಈ ಪಾಠ ಕಲಿಸುವವರು ಸಾಮಾನ್ಯವಾಗಿ ಎರಡೇ ದಾರಿ ತೋರಿಸುತ್ತಾರೆ: ಸರ್ವನಾಮ ಹಾಕಿ, ಇಲ್ಲವೇ ಸಮಾನಾರ್ಥಕ ಪದ ಹುಡುಕಿ. ಇಂಗ್ಲಿಷ್ ಬರವಣಿಗೆಯ ಪಾಠಕ್ಕೆ ಅದು ಸಾಕಾಗಬಹುದು. ಕನ್ನಡದಲ್ಲಿ ದಾರಿಗಳು ಇನ್ನೂ ಇವೆ. ಹೆಸರನ್ನು ಪೂರ್ತಿ ಬಿಟ್ಟುಬಿಡಬಹುದು; ‘ಆ ಊರು’, ‘ಈ ಯೋಜನೆ’ ಎಂದು ಜಾತಿಯ ಹೆಸರಿನಿಂದ ಕರೆಯಬಹುದು; ‘ಕೆಂಪಿನದು’, ‘ಗೆದ್ದವಳು’ ಎಂದು ಗುಣದಿಂದಲೋ ಕೆಲಸದಿಂದಲೋ ಗುರುತಿಸಬಹುದು; ಏನೂ ಮಾಡದೆ ಅದೇ ಪದವನ್ನು ಧೈರ್ಯವಾಗಿ ಮತ್ತೆ ಬರೆಯಲೂಬಹುದು. ನನ್ನ ಆದ್ಯತೆಯ ಕ್ರಮವನ್ನು ಈಗಲೇ ಹೇಳಿಬಿಡುತ್ತೇನೆ: ಬಿಡಲು ಬಂದರೆ ಬಿಡಿ, ಬಾರದಿದ್ದರೆ ಸರ್ವನಾಮ, ಅದು ಗೊಂದಲ ಮಾಡಿದರೆ ಜಾತಿಯ ಹೆಸರು, ಅದೂ ಒಗ್ಗದಿದ್ದರೆ ಅದೇ ಪದ. ಪರ್ಯಾಯ ಪದದ ಸರದಿ ಎಲ್ಲಕ್ಕಿಂತ ಕೊನೆಗೆ. ಪ್ರಬಂಧದ ಪಾಠಗಳಲ್ಲಿ ಅದಕ್ಕೇ ಮೊದಲ ಮಣೆ ಹಾಕುವುದನ್ನು ಕಂಡಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಏನನ್ನೂ ಹಾಕದಿರುವುದು

ಕನ್ನಡದ ಕ್ರಿಯಾಪದ ಕರ್ತೃವಿನ ಗುರುತನ್ನು ತನ್ನ ಬಾಲದಲ್ಲೇ ಇಟ್ಟುಕೊಂಡಿರುತ್ತದೆ. ‘ಬಂದಳು’ ಎಂದರೆ ಬಂದವಳು ಒಬ್ಬ ಹೆಣ್ಣು, ‘ಬಂದೆವು’ ಎಂದರೆ ನಾವು, ‘ಬಂದವು’ ಎಂದರೆ ದನವೋ ಕಾಗದವೋ ಯಾವುದೋ ಹಲವು. ಇಂಗ್ಲಿಷ್ ಕ್ರಿಯಾಪದಕ್ಕೆ ಈ ಸೌಕರ್ಯವಿಲ್ಲ. ಅಲ್ಲಿ ವಾಕ್ಯಕ್ಕೊಂದು ಸರ್ವನಾಮ ಬೇಕೇ ಬೇಕು. ಆ ಅಭ್ಯಾಸ ಅನುವಾದಗಳ ಮೂಲಕ ನಮ್ಮ ಬರವಣಿಗೆಗೂ ಹೊಕ್ಕಿದೆ.

ಒಂದು ಸಣ್ಣ ಉದಾಹರಣೆ ನೋಡಿ. ‘ಗಿರಿಜೆ ಬೆಳಿಗ್ಗೆ ಐದಕ್ಕೆ ಎದ್ದಳು. ಗಿರಿಜೆ ಅಂಗಳ ಗುಡಿಸಿದಳು. ಗಿರಿಜೆ ರಂಗೋಲಿ ಹಾಕಿದಳು. ಆಮೇಲೆ ಗಿರಿಜೆ ಹಾಲು ಕರೆಯಲು ಕೊಟ್ಟಿಗೆಗೆ ಹೋದಳು.’ ಇದನ್ನು ತಿದ್ದಲು ಕೊಟ್ಟರೆ ಹೆಚ್ಚಿನವರು ಮಾಡುವುದು ಇಷ್ಟು: ‘ಗಿರಿಜೆ ಬೆಳಿಗ್ಗೆ ಐದಕ್ಕೆ ಎದ್ದಳು. ಅವಳು ಅಂಗಳ ಗುಡಿಸಿದಳು. ಅವಳು ರಂಗೋಲಿ ಹಾಕಿದಳು. ಆಮೇಲೆ ಅವಳು ಹಾಲು ಕರೆಯಲು ಕೊಟ್ಟಿಗೆಗೆ ಹೋದಳು.’ ಮೂರು ‘ಗಿರಿಜೆ’ ಹೋಗಿ ಮೂರು ‘ಅವಳು’ ಬಂದವು, ಅಷ್ಟೇ. ಪುನರುಕ್ತಿ ವೇಷ ಬದಲಿಸಿಕೊಂಡು ಅಲ್ಲೇ ಕುಳಿತಿದೆ. ಯಾಕೆಂದರೆ ಇಲ್ಲಿನ ತೊಂದರೆ ಹೆಸರಿನದಲ್ಲ, ವಾಕ್ಯವನ್ನು ಬೇಡದ ಕಡೆಗಳಲ್ಲಿ ಕಡಿದದ್ದರದು. ‘ಗಿರಿಜೆ ಬೆಳಿಗ್ಗೆ ಐದಕ್ಕೆ ಎದ್ದು, ಅಂಗಳ ಗುಡಿಸಿ, ರಂಗೋಲಿ ಹಾಕಿ, ಹಾಲು ಕರೆಯಲು ಕೊಟ್ಟಿಗೆಗೆ ಹೋದಳು’ ಎಂದರೆ ಹೆಸರು ಒಂದೇ ಸಲ, ಸರ್ವನಾಮ ಒಂದೂ ಇಲ್ಲ. ಮನೆಯಲ್ಲಿ ಮಾತಾಡುವಾಗ ಎಲ್ಲರೂ ಹೀಗೆಯೇ ಹೇಳುತ್ತಾರೆ. ಪೆನ್ನು ಕೈಗೆ ಬಂದ ಕೂಡಲೇ ಮರೆಯುತ್ತಾರೆ.

ಕರ್ಮಪದವನ್ನೂ ಹೀಗೆ ಬಿಡಬಹುದು. ಅಡುಗೆ ಬರಹಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ‘ಅಕ್ಕಿ ಹಿಟ್ಟನ್ನು ತೆಗೆದುಕೊಳ್ಳಿ. ಅದಕ್ಕೆ ಉಪ್ಪು, ಈರುಳ್ಳಿ, ಸಬ್ಬಸಿಗೆ ಸೊಪ್ಪು ಸೇರಿಸಿ. ಅದಕ್ಕೆ ಬಿಸಿನೀರು ಹಾಕಿ ಅದನ್ನು ಕಲಸಿ. ಅದನ್ನು ಹತ್ತು ನಿಮಿಷ ಬಿಡಿ’ ಎಂಬುದು ಅಡುಗೆಮನೆಗೆ ಕಾಲಿಡದವರ ಕನ್ನಡ. ‘ಅಕ್ಕಿ ಹಿಟ್ಟಿಗೆ ಉಪ್ಪು, ಹೆಚ್ಚಿದ ಈರುಳ್ಳಿ, ಸಬ್ಬಸಿಗೆ ಸೊಪ್ಪು ಸೇರಿಸಿ, ಬಿಸಿನೀರು ಹಾಕುತ್ತಾ ಕಲಸಿ, ಹತ್ತು ನಿಮಿಷ ಮುಚ್ಚಿಡಿ’ ಎಂದರೆ ರೊಟ್ಟಿ ತಟ್ಟುವವರಿಗೆ ಅರ್ಥವಾಗದೇ ಇರುವುದು ಏನೂ ಉಳಿದಿಲ್ಲ.

ಹಾಗೆಂದು ಎಲ್ಲೆಂದರಲ್ಲಿ ಬಿಡಲಾಗದು. ‘ಗಿರಿಜೆ ಬಾಗಿಲು ತೆರೆದು ಬೆಕ್ಕು ಒಳಗೆ ನುಗ್ಗಿತು’ ಎಂಬ ವಾಕ್ಯ ಕುಂಟುತ್ತದೆ: ತೆರೆದವಳು ಒಬ್ಬಳು, ನುಗ್ಗಿದ್ದು ಇನ್ನೊಂದು. ‘ತೆರೆದಾಗ’ ಅಥವಾ ‘ತೆರೆದದ್ದೇ ತಡ’ ಎಂದು ಬದಲಿಸಬೇಕು. ‘ಮಳೆ ಸುರಿದು ಹೊಳೆ ತುಂಬಿತು’ ಎಂಬಲ್ಲಿಯೂ ಕರ್ತೃಗಳು ಎರಡು; ಆದರೆ ಒಂದು ಇನ್ನೊಂದಕ್ಕೆ ಕಾರಣವಾದ್ದರಿಂದ ಕಿವಿ ಒಪ್ಪುತ್ತದೆ. ಎದ್ದು, ಗುಡಿಸಿ, ಹಾಕಿ ಎಂದು ಏಳೆಂಟು ಕ್ರಿಯೆಗಳನ್ನು ಪೋಣಿಸಿದರೂ ಓದುಗನಿಗೆ ಉಸಿರು ಕಟ್ಟುತ್ತದೆ. ಮೂರು ನಾಲ್ಕಾದ ಮೇಲೆ ಪೂರ್ಣವಿರಾಮ ಇಡುವುದು ವಾಸಿ.

ಇನ್ನೊಂದು ಎಚ್ಚರ ಕ್ರಿಯಾಪದದ ರೂಪದ್ದು. ‘ಬೇಕು’, ‘ಬಹುದು’, ‘ಬಾರದು’, ‘ಗೊತ್ತು’, ‘ಇಲ್ಲ’ ಇವು ಯಾರ ಗುರುತನ್ನೂ ಹೊರುವುದಿಲ್ಲ. ‘ಬಂದಳು’ ಎಂಬುದರಲ್ಲಿ ಹೆಣ್ಣು ಕಾಣುತ್ತಾಳೆ, ‘ಬರಲಿಲ್ಲ’ ಎಂಬುದರಲ್ಲಿ ಯಾರೂ ಕಾಣುವುದಿಲ್ಲ. ‘ಗಂಡ ಜಾತ್ರೆಗೆ ಕರೆದ. ಹೋಗಲಿಲ್ಲ’ ಎಂದು ಬರೆದರೆ ಹೋಗದವಳು ಕಥೆ ಹೇಳುತ್ತಿರುವ ನಾನೋ, ಹಿಂದಿನ ಪುಟದ ಗಿರಿಜೆಯೋ? ಇಂಥ ಕ್ರಿಯಾಪದ ಬಂದ ಕಡೆ ಹೆಸರನ್ನೋ ಸರ್ವನಾಮವನ್ನೋ ಹಾಕಲೇಬೇಕು.

ಸರ್ವನಾಮ: ಗಂಡು, ಹೆಣ್ಣು, ಗೌರವ

ಇಬ್ಬರಲ್ಲಿ ಒಬ್ಬ ಗಂಡು, ಒಬ್ಬಳು ಹೆಣ್ಣು ಇದ್ದಾಗ ‘ಅವನು’, ‘ಅವಳು’ ಅಚ್ಚುಕಟ್ಟಾಗಿ ಕೆಲಸ ಮಾಡುತ್ತವೆ. ಇಬ್ಬರೂ ಹೆಣ್ಣಾದರೆ ಕಷ್ಟ ಶುರುವಾಗುತ್ತದೆ. ಇಬ್ಬರೂ ಗೌರವಾನ್ವಿತರಾದರೆ ದೇವರೇ ಗತಿ. ಏಕೆಂದರೆ ನಮ್ಮ ‘ಅವರು’ ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ, ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ. ‘ಜಿಲ್ಲಾಧಿಕಾರಿ ತಹಶೀಲ್ದಾರರ ಜೊತೆ ಗ್ರಾಮಸ್ಥರನ್ನು ಭೇಟಿ ಮಾಡಿದರು. ಅವರು ಕೆರೆ ಒತ್ತುವರಿಯ ಬಗ್ಗೆ ಅವರಿಗೆ ವಿವರಿಸಿದರು.’ ವಿವರಿಸಿದವರು ಅಧಿಕಾರಿಗಳೋ ಊರಿನವರೋ? ಮೂವರಿಗೂ ‘ಅವರು’ ಹೊಂದುತ್ತದೆ. ‘ಒತ್ತುವರಿಯ ಬಗ್ಗೆ ಗ್ರಾಮಸ್ಥರು ಜಿಲ್ಲಾಧಿಕಾರಿಗೆ ವಿವರಿಸಿದರು’ ಎಂದು ಎರಡು ನಾಮಪದಗಳನ್ನೂ ಮತ್ತೆ ಬರೆಯುವುದೇ ಇಲ್ಲಿನ ಮದ್ದು.

‘ಅವನು’ ಮತ್ತು ‘ತಾನು’ ಇವುಗಳ ನಡುವಿನ ಆಯ್ಕೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ‘ರಾಮಣ್ಣ ಬಸವಣ್ಣನಿಗೆ ಅವನ ಸೈಕಲ್ ಕೊಟ್ಟ’ ಎಂದರೆ ಸೈಕಲ್ ಬಸವಣ್ಣನದು ಎಂದು ಕಾಣುತ್ತದೆ. ‘ರಾಮಣ್ಣ ಬಸವಣ್ಣನಿಗೆ ತನ್ನ ಸೈಕಲ್ ಕೊಟ್ಟ’ ಎಂದರೆ ರಾಮಣ್ಣನದು. ‘ತನ್ನ’ ನೇರವಾಗಿ ಕರ್ತೃವಿನ ಕಡೆ ಬೆರಳು ತೋರಿಸುತ್ತದೆ. ಹೀಗಿದ್ದೂ ‘ಅವನು ಅವನ ಮನೆಗೆ ಹೋದನು’, ‘ಅವಳು ಅವಳ ಮಗುವನ್ನು ಎತ್ತಿಕೊಂಡಳು’ ಎಂಬ ವಾಕ್ಯಗಳು ದಿನವೂ ಅಚ್ಚಾಗುತ್ತಿವೆ. ಕನ್ನಡದ ಕಿವಿಗೆ ಆ ಮನೆ ಇನ್ಯಾರದೋ, ಆ ಮಗು ಪಕ್ಕದ ಮನೆಯವಳದೋ ಎನ್ನಿಸುತ್ತದೆ. ‘ತನ್ನ’ ಹಾಕಿದರೆ ಸರಿ. ‘ಮನೆಗೆ ಹೋದನು’, ‘ಮಗುವನ್ನು ಎತ್ತಿಕೊಂಡಳು’ ಎಂದಷ್ಟೇ ಬರೆದರೆ ಇನ್ನೂ ಸರಿ, ಬೇರೆಯವರ ಮನೆ ಎಂದು ಯಾರೂ ಭಾವಿಸುವುದಿಲ್ಲ.

ಮಾತನ್ನು ವರದಿ ಮಾಡುವಾಗಲೂ ‘ತಾನು’ ನೆರವಿಗೆ ಬರುತ್ತದೆ. ‘ಅವನು ಬರುವುದಾಗಿ ಸುರೇಶ ಹೇಳಿದ’ ಎಂದರೆ ಬರುವವನು ಇನ್ನೊಬ್ಬ. ‘ತಾನು ಬರುವುದಾಗಿ ಸುರೇಶ ಹೇಳಿದ’ ಎಂದರೆ ಬರುವವನು ಸುರೇಶನೇ. ಗೌರವ ಬೇಕಾದಲ್ಲಿ ಇದೇ ‘ತಾವು’, ‘ತಮ್ಮ’ ಆಗುತ್ತದೆ: ‘ಸಚಿವರು ತಮ್ಮ ಕ್ಷೇತ್ರಕ್ಕೆ ತೆರಳಿದರು.’ ಅರ್ಜಿ ನಮೂನೆಗಳಲ್ಲಿ ‘ಅರ್ಜಿದಾರನು/ಳು ಅವನ/ಅವಳ ಸಹಿಯನ್ನು’ ಎಂದು ಓರೆಗೆರೆ ಹಾಕಿ ಒದ್ದಾಡುವವರಿಗೂ ಇದೇ ಉತ್ತರ. ‘ಅರ್ಜಿದಾರರು ತಮ್ಮ ಸಹಿಯನ್ನು’ ಎಂದರೆ ಲಿಂಗದ ಪ್ರಶ್ನೆ ಏಳುವುದೇ ಇಲ್ಲ.

ಇನ್ನು ಗೌರವದ ಮಾತು. ಸರ್ವನಾಮ ಆರಿಸಿದ ಕೂಡಲೇ ಬರೆಯುವವನು ತನ್ನ ನಿಲುವನ್ನು ಬಿಟ್ಟುಕೊಟ್ಟಿರುತ್ತಾನೆ. ಅವನು, ಆತ, ಅವರು ಎಂಬ ಮೂರರಲ್ಲಿ ‘ಆತ’ ನಡುವಿನ ಮೆಟ್ಟಿಲು: ಸಲಿಗೆಯೂ ಇಲ್ಲ, ಪೂರ್ಣ ಮರ್ಯಾದೆಯೂ ಇಲ್ಲ. ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಆರೋಪಿಗೆ ‘ಆತ’, ‘ಈತ’ ರೂಢಿಯಾಗಿದೆ, ಹೆಣ್ಣಾದರೆ ‘ಆಕೆ’. ನನ್ನ ತಕರಾರು ಇರುವುದು ಬೇರೆ ಕಡೆ. ಒಂದೇ ಸುದ್ದಿಯಲ್ಲಿ ಎಂಜಿನಿಯರ್ ‘ಅವರು’, ಗುಂಡಿಗೆ ಇಳಿದು ಸತ್ತ ಪೌರಕಾರ್ಮಿಕ ‘ಆತ’. ಬರೆದವರು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ, ಕೈ ತಾನಾಗಿಯೇ ಹಾಗೆ ಓಡಿದೆ. ಪ್ರತಿಯನ್ನು ತಿದ್ದುವಾಗ ಸರ್ವನಾಮಗಳನ್ನಷ್ಟೇ ಗುರುತು ಮಾಡಿ ಒಮ್ಮೆ ಓದಿದರೆ ಯಾರಿಗೆ ಎಷ್ಟು ಮರ್ಯಾದೆ ಅಳೆದುಕೊಟ್ಟಿದ್ದೇವೆ ಎಂಬುದು ಬಯಲಾಗುತ್ತದೆ. ಅನುಮಾನ ಬಂದರೆ ಎಲ್ಲರಿಗೂ ‘ಅವರು’ ಎನ್ನಿ. ಅದರಿಂದ ಗೊಂದಲವಾಗುವಲ್ಲಿ ಹೆಸರನ್ನೇ ಮತ್ತೆ ಬರೆಯಿರಿ.

‘ಅದು’ ಬಗ್ಗೆ ಒಂದೇ ಮಾತು. ಇಂಗ್ಲಿಷಿನ ‘ಇಟ್’ ಇದ್ದಲ್ಲೆಲ್ಲ ‘ಅದು’ ಹಾಕಬೇಕಾಗಿಲ್ಲ. ‘ಅದು ಮುಖ್ಯವಾದುದೇನೆಂದರೆ’ ಎಂಬ ವಾಕ್ಯದಲ್ಲಿ ‘ಅದು’ ಯಾವುದನ್ನೂ ತೋರಿಸುತ್ತಿಲ್ಲ. ಕಿತ್ತುಹಾಕಿದರೆ ವಾಕ್ಯಕ್ಕೆ ಆರೋಗ್ಯ.

ಆ ಊರು, ಕೆಂಪಿನದು, ಅತ್ತೆ

ವ್ಯಾಕರಣ ಪುಸ್ತಕಗಳು ಹೆಚ್ಚು ಮಾತಾಡದ, ಆದರೆ ಒಳ್ಳೆಯ ಗದ್ಯದಲ್ಲೆಲ್ಲ ಸಿಗುವ ದಾರಿಗಳು ಇವು.

ಮೊದಲನೆಯದು ‘ಆ’ ಅಥವಾ ‘ಈ’ ಸೇರಿಸಿ ಜಾತಿಯ ಹೆಸರಿನಿಂದ ಕರೆಯುವುದು. ಮೇಲುಕೋಟೆಯ ಬಗ್ಗೆ ಬರೆಯುತ್ತಿದ್ದರೆ ಎರಡನೆಯ ಸಲಕ್ಕೆ ‘ಆ ಊರು’, ‘ಬೆಟ್ಟದ ಮೇಲಿನ ಊರು’ ಎನ್ನಬಹುದು. ‘ಅದು’ ಎಂದರೆ ಊರೋ ಕಲ್ಯಾಣಿಯೋ ದೇಗುಲವೋ ತಿಳಿಯದಿದ್ದಾಗ ‘ಆ ಕಲ್ಯಾಣಿ’ ಎಂದರೆ ತಕರಾರು ಮುಗಿಯಿತು. ಇದು ಪರ್ಯಾಯ ಪದವಲ್ಲ. ಓದುಗನಿಗೆ ಮೊದಲೇ ಗೊತ್ತಿರುವ ವರ್ಗವನ್ನು ನೆನಪಿಸುವುದಷ್ಟೇ. ಅದಕ್ಕೇ ಇದರಲ್ಲಿ ಅಪಾಯ ಕಡಿಮೆ.

ಎರಡನೆಯದು ಗುಣದಿಂದ ಅಥವಾ ಕೆಲಸದಿಂದ ಹುಟ್ಟುವ ಪದಗಳು. ಸೀರೆ ಅಂಗಡಿಯಲ್ಲಿ ಯಾರೂ ‘ಇಳಕಲ್ ಸೀರೆಯ ಸೆರಗು ರೇಷ್ಮೆಯ ಸೆರಗು, ಮೊಳಕಾಲ್ಮೂರು ಸೀರೆ ಪೂರ್ತಿ ರೇಷ್ಮೆ ಸೀರೆ’ ಎನ್ನುವುದಿಲ್ಲ. ‘ಇಳಕಲ್ಲಿನದಕ್ಕೆ ಸೆರಗು ಮಾತ್ರ ರೇಷ್ಮೆಯದು, ಒಡಲು ಹತ್ತಿಯದು, ಮೊಳಕಾಲ್ಮೂರಿನದು ಪೂರ್ತಿ ರೇಷ್ಮೆ’ ಎನ್ನುತ್ತಾರೆ. ಇಳಕಲ್ಲಿನಲ್ಲೂ ಪೂರ್ತಿ ರೇಷ್ಮೆಯವು ಸಿಗುತ್ತವೆ, ಅದು ಬೇರೆ ಮಾತು. ಇಲ್ಲಿ ಗಮನಿಸಬೇಕಾದದ್ದು ‘ದು’ ಎಂಬ ಒಂದು ಅಕ್ಷರ ‘ಸೀರೆ’ಯ ಭಾರವನ್ನು ಹೊರುವ ರೀತಿ. ಹೋಲಿಕೆ ಬರೆಯುವಾಗ ಇದಕ್ಕಿಂತ ಹದವಾದ ಸಾಧನ ಇಲ್ಲ. ಮನುಷ್ಯರಿಗೂ ಹೀಗೆಯೇ: ‘ಗೆದ್ದವಳು’, ‘ಸೋತವಳು’, ‘ಊರಲ್ಲೇ ಉಳಿದವರು’. ಎರಡು ವಾಕ್ಯಗಳಲ್ಲಿ ವಿವರಿಸಬೇಕಾದದ್ದನ್ನು ಒಂದು ಪದ ನುಂಗುತ್ತದೆ.

ಮೂರನೆಯದು ಸಂಬಂಧದ ಹೆಸರು. ಇಬ್ಬರು ಹೆಂಗಸರ ಕಥೆಯಲ್ಲಿ ‘ಅವಳು’ ಹಾಕಿ ಹಾಕಿ ಸೋತವರು ಇಂಗ್ಲಿಷಿನ ಮಾದರಿಯಲ್ಲಿ ‘ಮೊದಲಿನವಳು’, ‘ನಂತರದವಳು’ ಎಂದು ಬರೆಯುವುದುಂಟು. ಓದುಗ ಬೆರಳಿಟ್ಟುಕೊಂಡು ಹಿಂದಿನ ಸಾಲಿಗೆ ಹೋಗಿ ಎಣಿಸಬೇಕು. ನಮ್ಮ ಅಜ್ಜಿಕಥೆಗಳು ಇದನ್ನು ಎಂದೋ ಬಿಡಿಸಿವೆ: ಅತ್ತೆ–ಸೊಸೆ, ಅಕ್ಕ–ತಂಗಿ, ಹಿರಿಯವಳು–ಕಿರಿಯವಳು. ಒಮ್ಮೆ ಸಂಬಂಧ ಹೇಳಿಬಿಟ್ಟರೆ ಹೆಸರೂ ಬೇಡ, ಸರ್ವನಾಮವೂ ಬೇಡ. ‘ಅತ್ತೆ ಕೇಳಿದಳು, ಸೊಸೆ ಉತ್ತರ ಕೊಡಲಿಲ್ಲ’ ಎಂಬುದನ್ನು ತಪ್ಪಾಗಿ ಓದಲು ಯಾರಿಂದಲೂ ಆಗದು. ಕಚೇರಿಯ ಬರಹದಲ್ಲಿ ಇದೇ ಕೆಲಸವನ್ನು ‘ಸಾಲ ಕೊಟ್ಟವರು’, ‘ಬಾಡಿಗೆದಾರರು’, ‘ದೂರುದಾರರು’ ಮಾಡುತ್ತವೆ.

ಪರ್ಯಾಯ ಪದ ಎಂಬ ಆಮಿಷ

ಒಂದು ವಸ್ತುವಿಗೆ ಹತ್ತು ಹೆಸರು ಕಲಿಯುವ ಪರಂಪರೆ ನಮ್ಮಲ್ಲಿ ಹಳೆಯದು. ಸಂಸ್ಕೃತ ಕಲಿಯುವವರು ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದರು. ಹತ್ತನೆಯ ಶತಮಾನದ ರನ್ನನ ಹೆಸರಿನಲ್ಲೂ ಒಂದು ಕನ್ನಡ ನಿಘಂಟು ಇದೆ. ಆ ಕೋಶಗಳು ಪದ್ಯ ಕಟ್ಟುವವರಿಗೆ ಬೇಕಿದ್ದವು. ಷಟ್ಪದಿಯ ಸಾಲಿನಲ್ಲಿ ಉಳಿದಿರುವ ಮಾತ್ರೆಗೆ ‘ಅರ್ಜುನ’ ಕೂರದಿದ್ದರೆ ‘ಪಾರ್ಥ’, ಅದೂ ಕೂರದಿದ್ದರೆ ‘ಧನಂಜಯ’. ಗದ್ಯ ಬರೆಯುವವನಿಗೆ ಮಾತ್ರೆಯ ಒತ್ತಡವಿಲ್ಲ, ಆದರೂ ಅಭ್ಯಾಸ ಉಳಿದುಕೊಂಡಿದೆ. ಕವಿಗಳು ಕೂಡ ಹೆಸರನ್ನು ಸುಮ್ಮನೆ ಬದಲಿಸುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಕರ್ಣನನ್ನು ‘ರಾಧೇಯ’ ಎಂದರೆ ಸಾಕಿದ ತಾಯಿ ಕಣ್ಣೆದುರು ಬರುತ್ತಾಳೆ, ‘ಕೌಂತೇಯ’ ಎಂದರೆ ಹೆತ್ತವಳು. ಹೆಸರು ಬದಲಾದರೆ ಕಥೆಯ ತೂಕವೇ ಬೇರೆ ಕಡೆಗೆ ವಾಲುತ್ತದೆ.

ಹಾಸನ, ಕೊಡಗು, ಚಿಕ್ಕಮಗಳೂರಿನ ಆನೆ ಸುದ್ದಿಗಳನ್ನು ತೆಗೆದುಕೊಳ್ಳಿ; ಪರ್ಯಾಯ ಪದಗಳ ಎಲ್ಲ ತೊಡಕೂ ಅಲ್ಲೇ ಸಿಗುತ್ತವೆ. ‘ಕಾಡಾನೆಗಳ ಹಿಂಡು ಕಾಫಿ ತೋಟಕ್ಕೆ ನುಗ್ಗಿದೆ. ಸಲಗಗಳು ಅಡಿಕೆ ಗಿಡಗಳನ್ನು ಮುರಿದಿವೆ. ಗಜರಾಜನನ್ನು ಓಡಿಸಲು ಅರಣ್ಯ ಸಿಬ್ಬಂದಿ ಪಟಾಕಿ ಸಿಡಿಸಿದರು.’ ಸಲಗ ಎಂದರೆ ಗಂಡಾನೆ. ಮರಿಗಳಿರುವ ಹಿಂಡಿನಲ್ಲಿ ಹೆಣ್ಣಾನೆಗಳೂ ಇರುತ್ತವೆ. ಒಂಟಿ ಸಲಗವೋ ಹಿಂಡೋ ಎಂಬುದು ತೋಟದವರಿಗೆ ಪ್ರಾಣದ ಪ್ರಶ್ನೆ. ‘ಗಜರಾಜ’ ಎಂದ ಕೂಡಲೇ ಹಿಂಡು ಹೋಗಿ ಒಂದೇ ಆನೆ ಉಳಿಯಿತು, ಅದೂ ಪುಲ್ಲಿಂಗಕ್ಕೆ ಏರಿತು. ದಸರಾ ಮೆರವಣಿಗೆಯ ವರದಿಯಲ್ಲಿ, ಚಿನ್ನ ಹೊದಿಸಿದ 750 ಕೆ.ಜಿ. ತೂಕದ ಅಂಬಾರಿಯ ಜೊತೆ ‘ಗಜಪಡೆ’, ‘ಗಜರಾಜ’ ಚೆಂದ. ಆನೆ ತುಳಿದು ಮನೆಯ ಯಜಮಾನ ಸತ್ತ ಸುದ್ದಿಯಲ್ಲಿ ಅದೇ ಪದ ಹಾಕಿದರೆ ಆ ಮನೆಯವರು ಓದಿ ಏನೆಂದುಕೊಳ್ಳಬೇಕು?

ಪುಲ್ಲಿಂಗದ ವಿಷಯ ಬಂದದ್ದರಿಂದ ಒಂದು ನಿಜ ಪ್ರಸಂಗ. ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ಭಾಗದಲ್ಲಿ ಕಾಡಾನೆ ಕಾರ್ಯಾಚರಣೆಯ ವೇಳೆ ಕಾಡಾನೆಯೊಂದರ ಜೊತೆ ಕಾದಾಡಿ ಮೃತಪಟ್ಟ. ‘ಮೃತಪಟ್ಟ’ ಎನ್ನಬೇಕೋ ‘ಮೃತಪಟ್ಟಿತು’ ಎನ್ನಬೇಕೋ? ವ್ಯಾಕರಣ ಎರಡನೆಯದನ್ನು ಕೇಳುತ್ತದೆ, ಅವನನ್ನು ಹೆಸರಿಟ್ಟು ಕೂಗಿ ಬೆಳೆದ ಮೈಸೂರಿನ ಜನ ಮೊದಲನೆಯದನ್ನು ಹೇಳುತ್ತಾರೆ. ನನ್ನ ಆಯ್ಕೆ ಮೊದಲನೆಯದು. ಅದಕ್ಕೆ ಪ್ರೀತಿಯಲ್ಲದೆ ಇನ್ನೊಂದು ಕಾರಣವೂ ಇದೆ. ಕಾಳಗದ ವಿವರದಲ್ಲಿ ಎರಡು ಆನೆಗಳಿವೆ. ಎರಡಕ್ಕೂ ‘ಅದು’ ಎಂದರೆ ಯಾವುದು ಯಾವುದನ್ನು ತಿವಿಯಿತು ಎಂದು ತಿಳಿಯುವುದಿಲ್ಲ. ಅರ್ಜುನನಿಗೆ ‘ಅವನು’, ಕಾಡಾನೆಗೆ ‘ಅದು’ ಎಂದು ಹಂಚಿಕೊಂಡರೆ ಹೆಸರು ಒಮ್ಮೆಯೂ ಮತ್ತೆ ಬಾರದೆ ಇಡೀ ಕಾಳಗವನ್ನು ಬರೆಯಬಹುದು. ಬೇಕಾದದ್ದು ಒಂದೇ: ಆರಂಭದಲ್ಲಿ ಆರಿಸಿದ್ದನ್ನು ಕೊನೆಯವರೆಗೂ ಬಿಡಬಾರದು.

ಅಣೆಕಟ್ಟು ಮತ್ತು ಜಲಾಶಯ ಇನ್ನೊಂದು ಜೋಡಿ. ‘ಕೆಆರ್‌ಎಸ್ ಜಲಾಶಯ 124.80 ಅಡಿ ಮುಟ್ಟಿದೆ. ಕನ್ನಂಬಾಡಿ ಕಟ್ಟೆಗೆ ಒಳಹರಿವು ಹೆಚ್ಚಿದೆ. ಹಳೆ ಮೈಸೂರು ಭಾಗದ ಜೀವನಾಡಿಯಿಂದ ನದಿಗೆ ನೀರು ಬಿಡಲಾಗುತ್ತಿದೆ.’ ಮೂರೂ ಒಂದೇ ಎಂದು ಮಂಡ್ಯದವರಿಗೆ ಗೊತ್ತು. ಬೀದರಿನ ಓದುಗ ಕನ್ನಂಬಾಡಿ ಬೇರೆ ಅಣೆಕಟ್ಟು ಇರಬೇಕು ಎಂದುಕೊಂಡರೆ ತಪ್ಪು ಅವನದಲ್ಲ. ‘ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟ ಗರಿಷ್ಠ 124.80 ಅಡಿ ಮುಟ್ಟಿದೆ. ಒಳಹರಿವು ಹೆಚ್ಚಿರುವುದರಿಂದ ನದಿಗೆ ನೀರು ಬಿಡಲಾಗುತ್ತಿದೆ’ ಎಂದರೆ ಹೆಸರು ಒಂದೇ ಸಲ ಸಾಕು. ಪರ್ಯಾಯ ಪದದ ಹುಡುಕಾಟವೇ ತಪ್ಪುತ್ತದೆ.

ಅದಕ್ಕಿಂತ ಮುಖ್ಯವಾಗಿ, ಅಣೆಕಟ್ಟು ಎಂದರೆ ಕಟ್ಟಡ, ಜಲಾಶಯ ಎಂದರೆ ಅದರ ಹಿಂದೆ ನಿಂತ ನೀರು. ‘ಅಣೆಕಟ್ಟು ತುಂಬಿತು’ ಎಂಬ ಆಡುಮಾತನ್ನು ಒಪ್ಪಬಹುದು. ‘ಜಲಾಶಯ ಬಿರುಕು ಬಿಟ್ಟಿತು’ ಎಂಬುದನ್ನು ಒಪ್ಪಲಾಗದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಂಥ ರಾತ್ರಿ ‘ಗೇಟ್’ ಎಂದು ನಾಲ್ಕು ಸಲ ಬರೆದು ಬೇಸರವಾಗಿ ಐದನೆಯ ಸಲ ‘ಅಣೆಕಟ್ಟು’ ಎಂದು ಬರೆದರೆ, ನದಿಪಾತ್ರದ ಊರುಗಳವರು ಗಂಟುಮೂಟೆ ಕಟ್ಟಬೇಕಾಗುತ್ತದೆ.

ನ್ಯಾಯಾಲಯದ ಸುದ್ದಿಯಲ್ಲಿ ‘ಆರೋಪಿ’ಯನ್ನು ‘ಅಪರಾಧಿ’ ಎನ್ನುವುದು, ಶಾಸನಸಭೆಯ ಸುದ್ದಿಯಲ್ಲಿ ‘ಮಸೂದೆ’ಯನ್ನು ‘ಕಾಯ್ದೆ’ ಎನ್ನುವುದು ಇದೇ ಜಾತಿಯವು. ಸಾಬೀತಾಗುವವರೆಗೆ ಆರೋಪಿ ಆರೋಪಿಯೇ. ಅಂಕಿತ ಬೀಳುವವರೆಗೆ ಮಸೂದೆ ಮಸೂದೆಯೇ.

ಹಾಗಾದರೆ ಪರ್ಯಾಯ ಪದಕ್ಕೆ ಜಾಗವೇ ಇಲ್ಲವೇ? ಇದೆ. ಹೊಸ ಸಂಗತಿಯೊಂದನ್ನು ಹೊತ್ತು ತರುವುದಾದರೆ ಬರಲಿ. ಲೇಖಕಿಯೊಬ್ಬರ ಪರಿಚಯದಲ್ಲಿ ಎರಡನೆಯ ಸಲಕ್ಕೆ ‘ಸಾಗರದ ಈ ಶಿಕ್ಷಕಿ’ ಎಂದರೆ ಊರೂ ಉದ್ಯೋಗವೂ ತಿಳಿದವು, ಹೆಸರೂ ಮರುಕಳಿಸಲಿಲ್ಲ. ಕ್ರಿಕೆಟ್ ವರದಿಯ ‘ಎಡಗೈ ಬ್ಯಾಟರ್’ ಕೂಡ ಹೀಗೆಯೇ, ಆ ತಂಡದಲ್ಲಿ ಎಡಗೈಯವರು ಒಬ್ಬರೇ ಇದ್ದರೆ. ಪದದ ಮೈಬಣ್ಣವೂ ಹೊಂದಬೇಕು: ‘ಮರ ಕಡಿದರು’ ಸರಿ, ‘ವೃಕ್ಷ ಕಡಿದರು’ ಎಂದರೆ ನಾಟಕದ ಮಾತು; ‘ನೇತ್ರದಾನ’ ಸರಿ, ‘ನೇತ್ರ ಉಜ್ಜಿಕೊಂಡ’ ಎಂದರೆ ನಗು ಬರುತ್ತದೆ.

ಅದೇ ಪದವನ್ನು ಮತ್ತೆ ಬರೆಯುವುದು

ಅಡಿಕೆಗೆ ಕೊಳೆರೋಗ ಬಾರದಂತೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣದ ತಯಾರಿಯನ್ನು ಬರೆದು ನೋಡಿ. ‘ಒಂದು ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಒಂದು ಕೆ.ಜಿ. ಸುಣ್ಣವನ್ನು ಇನ್ನೊಂದು ಪಾತ್ರೆಯಲ್ಲಿ 50 ಲೀಟರ್ ನೀರಿಗೆ ಕದಡಿ. ಬಳಿಕ ಅದನ್ನು ಇದಕ್ಕೆ ಸೇರಿಸಿ.’ ಯಾವುದನ್ನು ಯಾವುದಕ್ಕೆ? ಇಲ್ಲಿ ಕ್ರಮ ಮುಖ್ಯ: ಮೈಲುತುತ್ತದ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ನಿಧಾನವಾಗಿ ಸುರಿಯುತ್ತಾ ಕದಡಬೇಕು, ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಮತ್ತೆ ‘ದ್ರಾವಣ’ ಎಂದಷ್ಟೇ ಬರೆದರೂ ಆಗದು, ಏಕೆಂದರೆ ಈಗ ದ್ರಾವಣಗಳು ಮೂರು. ‘ಔಷಧಿ’, ‘ಮದ್ದು’, ‘ಮಿಶ್ರಣ’ ಎಂದು ಬಣ್ಣ ಬದಲಿಸಿದರೆ ತೋಟದವನು ನಾಲ್ಕನೆಯ ಪಾತ್ರೆ ಹುಡುಕುತ್ತಾನೆ. ‘ಮೈಲುತುತ್ತದ ದ್ರಾವಣ’, ‘ಸುಣ್ಣದ ದ್ರಾವಣ’, ‘ಬೋರ್ಡೋ ದ್ರಾವಣ’ ಎಂದು ಪ್ರತಿ ಸಲವೂ ಪೂರ್ತಿ ಬರೆಯಬೇಕು. ಓದಲು ಒರಟು, ನಿಜ. ಆದರೆ ಈ ಬರಹವನ್ನು ಯಾರೂ ಸೊಗಸಿಗಾಗಿ ಓದುವುದಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಓದುತ್ತಾರೆ.

ಕ್ರಯಪತ್ರ, ಬಾಡಿಗೆ ಕರಾರುಗಳಲ್ಲೂ ಹೀಗೆಯೇ. ‘ಷೆಡ್ಯೂಲ್ ಸ್ವತ್ತು’ ಎಂದು ಒಮ್ಮೆ ಹೆಸರಿಟ್ಟರೆ ಕೊನೆಯವರೆಗೂ ಅದೇ. ನಡುವೆ ‘ನಿವೇಶನ’, ‘ಜಾಗ’, ‘ಆಸ್ತಿ’ ಎಂದು ಬದಲಿಸಿದರೆ ನಾಳೆ ವಕೀಲರಿಗೆ ಕೆಲಸ. ‘ಸದರಿ’ ಎಂಬ ಪದವನ್ನು ದಸ್ತಾವೇಜುಗಳಲ್ಲಿ ನೋಡಿ ನಗುವವರಿದ್ದಾರೆ. ಆದರೆ ‘ಸದರಿ ಸ್ವತ್ತು’ ಎಂದರೆ ಮೇಲೆ ಹೇಳಿದ್ದೇ, ಬೇರೆಯಲ್ಲ ಎಂಬ ಖಾತರಿ ಇದೆ. ‘ಅದು’ ಎಂಬುದಕ್ಕೆ ಆ ಬಿಗಿ ಇಲ್ಲ. ದಸ್ತಾವೇಜಿನ ಹೊರಗೆ ಮಾತ್ರ ಅದನ್ನು ತರಬೇಡಿ. ಮದುವೆಯ ವರದಿಯಲ್ಲಿ ‘ಸದರಿ ವಧು’ ಎಂದರೆ ಎರಡೂ ಕಡೆಯ ಬೀಗರು ಮುನಿಯುತ್ತಾರೆ.

ಆಕಾಶವಾಣಿಗೆ ಬರೆಯುವವರೂ ಹೆಸರನ್ನು ಧಾರಾಳವಾಗಿ ಮರುಕಳಿಸಬೇಕು. ಪತ್ರಿಕೆ ಓದುವವನು ಗೊಂದಲವಾದರೆ ಹಿಂದಿನ ಸಾಲಿಗೆ ಕಣ್ಣು ಹಾಯಿಸುತ್ತಾನೆ. ಒಗ್ಗರಣೆ ಹಾಕುತ್ತಾ ರೇಡಿಯೋ ಕೇಳುವವರಿಗೆ ಹಿಂದಿನ ಸಾಲು ಇಲ್ಲ. ಎರಡು ವಾಕ್ಯಕ್ಕೊಮ್ಮೆಯಾದರೂ ಹೆಸರು ಕಿವಿಗೆ ಬೀಳಬೇಕು.

ಬರಹಕ್ಕೆ ತಕ್ಕಂತೆ

ಕಥೆ, ಪ್ರವಾಸ ಕಥನ, ನೆನಪಿನ ಬರಹ ಇವುಗಳಲ್ಲಿ ಬಿಡುವುದನ್ನೂ ಸಂಬಂಧದ ಹೆಸರನ್ನೂ ಹೆಚ್ಚು ನಂಬಿ. ಅಡುಗೆಯಲ್ಲಿ ಕರ್ಮಪದ ಬಿಡಿ, ಆದರೆ ಪಾತ್ರೆ ಎರಡಾದ ಕೂಡಲೇ ಹೆಸರು ಹೇಳಿ. ಸುದ್ದಿಯಲ್ಲಿ ಸರ್ವನಾಮಕ್ಕೂ ಹೆಸರಿಗೂ ಸಮಪಾಲು; ‘ಅವರು’ ಒಂದು ಪ್ಯಾರಾದಲ್ಲಿ ಇಬ್ಬರನ್ನು ತೋರಿಸುತ್ತಿದ್ದರೆ ಒಬ್ಬರಿಗೆ ಹೆಸರು ವಾಪಸು ಕೊಡಿ. ಹೋಲಿಕೆಗೆ ‘ಇದು–ಅದು’ಗಿಂತ ‘ಇಳಕಲ್ಲಿನದು–ಮೊಳಕಾಲ್ಮೂರಿನದು’ ವಾಸಿ. ತಾಂತ್ರಿಕ ಬರಹ, ಔಷಧದ ಸೂಚನೆ, ಕಾನೂನು ಪತ್ರಗಳಲ್ಲಿ ಪದ ಬದಲಿಸುವ ಯೋಚನೆಯೇ ಬೇಡ.

ಮಕ್ಕಳ ಪ್ರಬಂಧ ತಿದ್ದುವವರಿಗೆ ಒಂದು ಕೋರಿಕೆ. ‘ನಮ್ಮ ಹಸು’ ಎಂಬ ಪ್ರಬಂಧದಲ್ಲಿ ‘ಹಸು’ ಹತ್ತು ಸಲ ಬಂದರೆ ‘ಗೋಮಾತೆ’, ‘ಕಾಮಧೇನು’ ಎಂದು ಅಂಚಿನಲ್ಲಿ ಬರೆದು ಕೊಡಬೇಡಿ. ಮೂರು ವಾಕ್ಯಗಳನ್ನು ಒಂದು ಮಾಡಿ ತೋರಿಸಿ: ‘ನಮ್ಮ ಹಸು ಬೆಳಿಗ್ಗೆ ಮೇಯಲು ಹೋಗಿ, ಮಧ್ಯಾಹ್ನ ಕೆರೆಯಲ್ಲಿ ನೀರು ಕುಡಿದು, ಸಂಜೆ ತಾನಾಗಿಯೇ ಕೊಟ್ಟಿಗೆಗೆ ಬರುತ್ತದೆ.’ ಮುಂದಿನ ಪ್ರಬಂಧ ‘ನಮ್ಮ ನಾಯಿ’ ಆಗಿದ್ದಾಗ ಆ ಹುಡುಗ ನಾಯಿಗೆ ಸಂಸ್ಕೃತ ಪದ ಕೇಳಿಕೊಂಡು ನಿಮ್ಮ ಹತ್ತಿರ ಬರುವುದಿಲ್ಲ.